ಅಡಿಕೆ ಚೊಗರಿನ ಬಣ್ಣಕ್ಕೆ ಒಂದೇ ಮಾದರಿ ಸಾಲದು

ಕರಕುಶಲ ವಸ್ತುವನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸಬೇಕಾದಾಗ, ಯಾವ ಹಂತಕ್ಕೆ ಕಣ್ಣು ಮತ್ತು ಕೈಗಳ ವಿವೇಚನೆ ಬೇಕು, ಯಾವ ಹಂತದಲ್ಲಿ ಇರುವುದು ಬರೀ ದುಡಿಮೆ ಎಂಬುದನ್ನು ವಿನ್ಯಾಸಕಾರ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ‘ವಿಶ್‌ಬೋನ್’ ಕುರ್ಚಿಯ ಮರದ ಭಾಗಗಳು ಬಹುಮಟ್ಟಿಗೆ ಯಂತ್ರದಲ್ಲಿ ಸಿದ್ಧವಾಗುತ್ತವೆ; ಆಸನವನ್ನು ಮಾತ್ರ ಸುಮಾರು 120 ಮೀಟರ್ ಕಾಗದದ ಹುರಿಯಿಂದ ಇಂದಿಗೂ ಕೈಯಲ್ಲೇ ಹೆಣೆಯುತ್ತಾರೆ.

ಸಾಗರ, ಸೊರಬದ ಗುಡಿಗಾರರ ಕೆತ್ತನೆಗೂ ಇದೇ ಲೆಕ್ಕ ಹೊಂದುತ್ತದೆ. ಮರವನ್ನು ಅಳತೆಗೆ ಸೀಳಲು ಯಂತ್ರ ಬಂದರೆ ಕಲೆಗೇನೂ ಕುಂದಿಲ್ಲ. ಮರದ ಎಳೆ ಎತ್ತ ಸಾಗಿದೆಯೆಂದು ನೋಡಿ ಉಳಿಯ ಓರೆಯನ್ನು ಬದಲಿಸುವುದು ಕುಶಲಕರ್ಮಿಯ ಕೆಲಸ. ಯಂತ್ರದಲ್ಲೇ ಕೆತ್ತಿ, ಆಮೇಲೆ ಉಳಿಯ ಗುರುತು ಮೂಡಿಸಿ ಮಾರುವುದನ್ನು ನಾನಂತೂ ವಿನ್ಯಾಸವೆಂದು ಒಪ್ಪುವುದಿಲ್ಲ.

ನಮ್ಮ ಸೀಮೆಯಲ್ಲಿ ಹೆಚ್ಚು ತೊಡಕಿನದು ಬಣ್ಣ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಸಿಗುವ ಚೊಗರನ್ನು ಹೆಗ್ಗೋಡಿನ ಚರಕ ಸಂಸ್ಥೆ ಕೈಮಗ್ಗದ ಬಟ್ಟೆಗೆ ಬಣ್ಣವಾಗಿ ಬಳಸುತ್ತ ಬಂದಿದೆ. ಅಡಿಕೆ ಎಷ್ಟು ಬಲಿತಿತ್ತು, ಒಂದೇ ನೀರಿನಲ್ಲಿ ಎಷ್ಟು ಸಲ ಬೇಯಿಸಿದರು, ಬಣ್ಣ ಕಚ್ಚಲೆಂದು ಪಟಿಕ ಹಾಕಿದರೋ ಕಬ್ಬಿಣದ ಅಂಶ ಸೇರಿಸಿದರೋ ಎಂಬುದನ್ನು ಅನುಸರಿಸಿ ಕಂದು ಬಣ್ಣ ಕೆಂಪಿನತ್ತಲೋ ಕಪ್ಪಿನತ್ತಲೋ ವಾಲುತ್ತದೆ. ಮಳೆಗಾಲದಲ್ಲಿ ನೂಲು ಒಣಗಿಸುವ ಪಾಡು ಬೇರೆ. ಮಾದರಿ ತುಣುಕಿಗೂ ಥಾನಿಗೂ, ಅಂದರೆ ನೇಯ್ದ ಬಟ್ಟೆಯ ಇಡೀ ಸುರುಳಿಗೂ, ಕೂದಲೆಳೆಯಷ್ಟೂ ವ್ಯತ್ಯಾಸ ಇರಕೂಡದೆಂಬ ಗಿರಣಿಯ ನಿಯಮವನ್ನು ಇಲ್ಲಿಗೆ ತಂದರೆ ಒಳ್ಳೆಯ ಬಟ್ಟೆಯೂ ತಿರಸ್ಕಾರಕ್ಕೆ ಗುರಿಯಾಗುತ್ತದೆ. ಆದ್ದರಿಂದ ಇಡೀ ಬಟ್ಟೆಗೆ ಒಂದೇ ಬಣ್ಣ ಕೊಡುವುದಕ್ಕಿಂತ, ಬೇರೆ ಬೇರೆ ಹಂಡೆಗಳಲ್ಲಿ ಅದ್ದಿದ ನೂಲನ್ನು ಹಾಸು ಹೊಕ್ಕುಗಳಲ್ಲಿ ಬೆರೆಸುವ ಪಟ್ಟೆ, ಚೌಕಳಿಗಳನ್ನು ರೂಪಿಸುವುದು ಮೇಲು. ಆಗ ಹಂಡೆಯಿಂದ ಹಂಡೆಗೆ ಆಗುವ ಏರುಪೇರು ವಿನ್ಯಾಸದೊಳಗೇ ಸೇರಿಹೋಗುತ್ತದೆ. ಕತ್ತರಿಸುವಾಗ ಒಂದು ಅಂಗಿಯ ಎಲ್ಲ ಭಾಗಗಳನ್ನೂ ಒಂದೇ ಥಾನಿನಿಂದ ತೆಗೆಯಬೇಕು. ಅಳತೆ, ಗುಂಡಿ, ಹೊಲಿಗೆಗಳ ವಿಷಯದಲ್ಲಿ ಮಾತ್ರ ರಿಯಾಯಿತಿ ಸಲ್ಲದು. ಸೊಟ್ಟ ಹೊಲಿಗೆಗೆ ಕೈಮಗ್ಗದ ಹೆಸರು ಹೇಳುವುದು ಬರೀ ಸಬೂಬು.

ಇಷ್ಟಾದರೂ ಖರೀದಿದಾರರಿಂದ ತಕರಾರು ಬರುವುದುಂಟು. ಒಂದು ಮಾದರಿಯ ಬದಲು, ಒಪ್ಪಬಹುದಾದ ಅತಿ ತಿಳಿ ಮತ್ತು ಅತಿ ಗಾಢ ಛಾಯೆಗಳ ಎರಡು ತುಣುಕುಗಳನ್ನು ಒಪ್ಪಂದಕ್ಕೆ ಲಗತ್ತಿಸಿ, ಅವುಗಳ ನಡುವೆ ಬಂದದ್ದನ್ನೆಲ್ಲ ಸ್ವೀಕರಿಸುವುದಾಗಿ, ನೂಲು ಹಂಡೆಗೆ ಇಳಿಯುವ ಮೊದಲೇ ಅವರ ಸಹಿ ಪಡೆದಿರಬೇಕು.