ಘಟ್ಟ ಹತ್ತಿದ ಕೇಕು ಕುಸಿಯುವುದೇಕೆ?

ಪ್ರಶ್ನೆ: ನನ್ನ ತವರು ಮಂಗಳೂರು. ಮದುವೆಯಾಗಿ ಮಡಿಕೇರಿಗೆ ಬಂದ ಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಅಮ್ಮ ಬರೆದುಕೊಟ್ಟ ಅಳತೆಯಲ್ಲೇ ಬೆಣ್ಣೆ ಕೇಕು ಮಾಡುತ್ತಿದ್ದೇನೆ. ಓವನ್ನಿನಲ್ಲಿ ಚೆನ್ನಾಗಿ ಉಬ್ಬಿದ್ದು ಕೊನೆಯಲ್ಲಿ ನಡುವೆ ಗುಳಿ ಬೀಳುತ್ತದೆ. ತಳದಲ್ಲಿ ಹಸಿಹಿಟ್ಟಿನಂಥ ಗಟ್ಟಿ ಪದರ ಉಳಿಯುತ್ತದೆ. ಅಮ್ಮ ಏನನ್ನಾದರೂ ಬರೆಯಲು ಮರೆತಿದ್ದಾರೆಯೇ?

ಉತ್ತರ: ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಕೆಲವರು ಅಮ್ಮನ ಮರೆವನ್ನು ದೂರುತ್ತಾರೆ. ಇನ್ನು ಕೆಲವರಿಗೆ ಅತ್ತೆ ಬೇಕೆಂದೇ ಒಂದು ಸಾಮಾನನ್ನು ಬಿಟ್ಟು ಹೇಳಿದ್ದಾರೆಂಬ ಗುಮಾನಿ. ಸಂಸಾರಗಳ ನೆಮ್ಮದಿಗಾಗಿ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಅಮ್ಮ ಏನನ್ನೂ ಮರೆತಿಲ್ಲ. ಅವರು ಬರೆದಿರುವುದು ಘಟ್ಟದ ಕೆಳಗಿನ ಅಳತೆ. ನೀವು ಕೇಕು ಮಾಡುತ್ತಿರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ವರ್ಷದ ಅತ್ಯಂತ ಚಳಿಯ ತಿಂಗಳಿನಲ್ಲಿ.

ಎತ್ತರ ಎಂದೊಡನೆ ಎಲ್ಲ ತಪ್ಪನ್ನೂ ಬೆಟ್ಟದ ತಲೆಗೆ ಕಟ್ಟುವುದು ಸುಲಭ. ಆದರೆ ನನ್ನ ಅಭಿಪ್ರಾಯದಲ್ಲಿ ಮೊದಲ ಅಪರಾಧಿ ಬೆಟ್ಟವಲ್ಲ, ಬೆಣ್ಣೆ. ಇದನ್ನು ನಾನು ತಿಳಿದದ್ದು ಬಹಳ ತಡವಾಗಿ, ಬಾಲ್ಯದ ಒಂದು ದೃಶ್ಯವನ್ನು ಮತ್ತೆ ಮತ್ತೆ ನೆನೆದ ಮೇಲೆ. ನಮ್ಮ ಪಕ್ಕದ ಮನೆಯಲ್ಲಿ ಕರಾವಳಿಯಿಂದ ಬಂದು ನೆಲೆಸಿದ್ದ ಒಬ್ಬರಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು ಬಾಯಮ್ಮ. ಕ್ರಿಸ್‌ಮಸ್ ಹತ್ತಿರವಾದಾಗ ಅವರು ದೊಡ್ಡದೊಂದು ಪಾತ್ರೆಯನ್ನು ತೊಡೆಯ ನಡುವೆ ಇಟ್ಟುಕೊಂಡು, ಬಚ್ಚಲುಮನೆಯ ಹಂಡೆ ಒಲೆಯ ಪಕ್ಕದಲ್ಲಿ ಮಣೆ ಹಾಕಿ ಕುಳಿತು, ಮರದ ಸೌಟಿನಿಂದ ಬೆಣ್ಣೆ ಸಕ್ಕರೆಯನ್ನು ಗಂಟೆಗಟ್ಟಲೆ ತಿರುವುತ್ತಿದ್ದರು. ಮೊಟ್ಟೆಯ ಬುಟ್ಟಿಯೂ ಅಲ್ಲೇ ಒಲೆಯ ಮಗ್ಗುಲಲ್ಲಿ ಇರುತ್ತಿತ್ತು. ಚಳಿ ತಡೆಯಲಾರದೆ ಅಲ್ಲಿ ಕುಳಿತಿದ್ದಾರೆಂದು ನಾವು ಭಾವಿಸಿ, ಅವರ ಸುತ್ತ ನಾವೂ ಕೈಕಾಯಿಸಿಕೊಳ್ಳಲು ಕೂರುತ್ತಿದ್ದೆವು. ಬಿಸಿ ಬೇಕಾಗಿದ್ದದ್ದು ಬಾಯಮ್ಮನಿಗಲ್ಲ, ಬೆಣ್ಣೆಗೆ.

ಬೆಣ್ಣೆ ಕೇಕು ಹಗುರವಾಗುವುದು ಬೇಕಿಂಗ್ ಪೌಡರಿನಿಂದ ಎಂಬುದು ಅರ್ಧ ಸತ್ಯ ಮಾತ್ರ. ಸಕ್ಕರೆಯ ಹರಳುಗಳು ಮೆತ್ತನೆಯ ಬೆಣ್ಣೆಯನ್ನು ಸೀಳುತ್ತ ಸಾಗುವಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ಸೇರಿಕೊಳ್ಳುತ್ತವೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ, ಇರುವ ಗುಳ್ಳೆಗಳನ್ನೇ ದೊಡ್ಡದು ಮಾಡುತ್ತದೆ. ಈ ಕೆಲಸಕ್ಕೆ ಬೆಣ್ಣೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಮಂಗಳೂರಿನಲ್ಲಿ ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದಿಟ್ಟು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ತಾನಾಗಿ ಹದಕ್ಕೆ ಬಂದಿರುತ್ತದೆ. ಹೀಗಾಗಿ ನಿಮ್ಮ ಅಮ್ಮನಿಗೆ ಅದನ್ನು ಬರೆಯಬೇಕೆಂದು ತೋಚಿರಲಾರದು. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಅಡುಗೆಮನೆಯೇ 15 ಡಿಗ್ರಿಯ ಸುತ್ತಮುತ್ತ ಇರುವಾಗ, ಹೊರಗಿಟ್ಟ ಬೆಣ್ಣೆ ಮಧ್ಯಾಹ್ನದವರೆಗೂ ಕಲ್ಲಿನಂತೆಯೇ ಇರುತ್ತದೆ. ಅಂಥ ಬೆಣ್ಣೆಯನ್ನು ಎಷ್ಟು ತಿರುವಿದರೂ ಗಾಳಿ ಸೇರುವುದಿಲ್ಲ. ಅದರ ಮೇಲೆ ತಣ್ಣನೆಯ ಮೊಟ್ಟೆ ಒಡೆದು ಹಾಕಿದರೆ ಮಿಶ್ರಣ ಒಡೆದ ಹಾಲಿನಂತೆ ತುಣುಕು ತುಣುಕಾಗಿ, ನೀರಿನಂಶ ಬೇರ್ಪಡುತ್ತದೆ. ನೀವು ಹೇಳುವ ತಳದ ಗಟ್ಟಿ ಪದರದ ಮೂಲ ಬಹುಪಾಲು ಇಲ್ಲಿದೆ.

ಇಂದು ಹಂಡೆ ಒಲೆ ಇಲ್ಲದಿದ್ದರೂ ಪರಿಹಾರ ಕಷ್ಟವಲ್ಲ. ಬೆಣ್ಣೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನ ಮೇಲೆ ಕೆಲವು ನಿಮಿಷ ಇಡಿ. ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬೇಕು, ಆದರೆ ಮೇಲ್ಮೈ ಎಣ್ಣೆಯಂತೆ ಹೊಳೆಯಬಾರದು. ಕರಗಿಹೋದ ಬೆಣ್ಣೆಯೂ ಗಾಳಿಯನ್ನು ಹಿಡಿಯುವುದಿಲ್ಲವಾದ್ದರಿಂದ ಅವಸರಕ್ಕೆ ಒಲೆಯ ಮೇಲಿಡುವುದು ಬೇಡ. ಮೊಟ್ಟೆಗಳನ್ನು ಸಿಪ್ಪೆಸಹಿತ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒಂದೊಂದಾಗಿ ಸೇರಿಸಿ.

ಇನ್ನು ನಡುವಿನ ಗುಳಿ. ಇದರಲ್ಲಿ ಬೆಟ್ಟದ ಪಾಲು ನಿಜವಾಗಿಯೂ ಇದೆ. ಮಡಿಕೇರಿಯಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಎಂಟನೇ ಒಂದು ಪಾಲು ಕಡಿಮೆ. ಮೇಲಿನಿಂದ ಅದುಮುವ ಗಾಳಿ ಹಗುರವಾದಷ್ಟೂ ಹಿಟ್ಟಿನೊಳಗಿನ ಗುಳ್ಳೆಗಳು ಬೇಗ ಮತ್ತು ಹೆಚ್ಚು ಉಬ್ಬುತ್ತವೆ. ಮೊಟ್ಟೆ ಗಟ್ಟಿಯಾಗಿ, ಮೈದಾದ ಪಿಷ್ಟ ಬೆಂದು ಗೋಡೆ ಕಟ್ಟುವ ಮೊದಲೇ ಅವು ಹಿಗ್ಗಿ ಒಡೆದರೆ, ಎದ್ದ ಕೇಕು ನಿಲ್ಲಲು ಆಸರೆ ಇಲ್ಲದೆ ಕೂತುಬಿಡುತ್ತದೆ. ಕೊನೆಯಲ್ಲಿ ಬೇಯುವ ಭಾಗ ನಡುವಿನದು, ಆದ್ದರಿಂದ ಕುಸಿತವೂ ಅಲ್ಲೇ. ಜೊತೆಗೆ ಇಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ಹಿಟ್ಟಿನ ತೇವ ಬೇಗ ಆರಿ, ಉಳಿದ ಸಕ್ಕರೆಯ ಪಾಕ ಗಾಢವಾಗುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಗೋಡೆ ಗಟ್ಟಿಯಾಗುವುದು ನಿಧಾನ. ನೀವು ಒಣಹಣ್ಣು ತುಂಬಿದ ಪ್ಲಮ್ ಕೇಕನ್ನೂ ಮಾಡುತ್ತಿದ್ದರೆ ಅದು ಇಷ್ಟಾಗಿ ಕುಸಿಯದಿರುವುದನ್ನು ಗಮನಿಸಿರಬಹುದು. ಅದರ ಹಿಟ್ಟು ಮೊದಲೇ ಭಾರ, ಉಬ್ಬುವ ಹಂಬಲವೇ ಕಡಿಮೆ.

ಎತ್ತರದ ಊರುಗಳ ಅಳತೆ ಬದಲಾವಣೆ ಸಾಮಾನ್ಯವಾಗಿ 900 ಮೀಟರ್ ದಾಟಿದ ಮೇಲೆ ಬೇಕಾಗುತ್ತದೆ. ಮಡಿಕೇರಿ ಆ ಗೆರೆಯನ್ನು ಸ್ವಲ್ಪವೇ ದಾಟಿದ ಊರಾದ್ದರಿಂದ ಬದಲಾವಣೆಯೂ ಸ್ವಲ್ಪವೇ ಸಾಕು. ಅಮ್ಮನ ಚೀಟಿಯಲ್ಲಿ ಅರ್ಧ ಕಿಲೊ ಮೈದಾಕ್ಕೆ ಎರಡು ಟೀ ಚಮಚ ಬೇಕಿಂಗ್ ಪೌಡರ್ ಎಂದಿದ್ದರೆ ಅದರಿಂದ ಕಾಲು ಚಮಚ ತೆಗೆಯಿರಿ. ಅರ್ಧ ಕಿಲೊ ಸಕ್ಕರೆಯಲ್ಲಿ 30 ಗ್ರಾಂ ಬಿಡಿ. ಓವನ್ನಿನ ಶಾಖವನ್ನು 10 ಡಿಗ್ರಿ ಏರಿಸಿ, ಗೋಡೆ ಬೇಗ ನಿಲ್ಲಲಿ. ಕೇಕು ಐದಾರು ನಿಮಿಷ ಮೊದಲೇ ಆಗಬಹುದಾದ್ದರಿಂದ ಕಣ್ಣಿಟ್ಟಿರಿ. ಎರಡು ದೊಡ್ಡ ಚಮಚ ಹಾಲನ್ನು ಹೆಚ್ಚಿಗೆ ಸೇರಿಸಬೇಕೆಂದೂ ಹೇಳುವುದುಂಟು, ಆದರೆ ಅದಕ್ಕೆ ಮುಂಚೆ ಮೊಟ್ಟೆಯ ಲೆಕ್ಕ ನೋಡಬೇಕು.

ಏಕೆಂದರೆ ಹಳೆಯ ಚೀಟಿಗಳಲ್ಲಿನ ಮೊಟ್ಟೆ ಊರುಕೋಳಿಯ ಮೊಟ್ಟೆ. ಸಿಪ್ಪೆ ಬಿಟ್ಟರೆ ಅದು ಸುಮಾರು 35 ಗ್ರಾಂ. ಇಂದು ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ 50 ಗ್ರಾಂ ತೂಗುತ್ತದೆ. ಹನ್ನೆರಡು ಮೊಟ್ಟೆ ಎಂದು ಬರೆದದ್ದನ್ನು ಅಕ್ಷರಶಃ ಪಾಲಿಸಿದರೆ 180 ಗ್ರಾಂ ಹೆಚ್ಚಾಗುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರೇ. ಮೈದಾ, ಬೆಣ್ಣೆ, ಸಕ್ಕರೆ, ಒಡೆದ ಮೊಟ್ಟೆ ನಾಲ್ಕೂ ಹೆಚ್ಚುಕಡಿಮೆ ಸಮತೂಕ ಎಂಬುದು ಬೆಣ್ಣೆ ಕೇಕಿನ ಹಳೆಯ ಲೆಕ್ಕ. ತಕ್ಕಡಿಯಲ್ಲಿ ಅದನ್ನು ಒಮ್ಮೆ ಪರೀಕ್ಷಿಸಿದರೆ ನಿಮ್ಮ ಅಮ್ಮ ಯಾವ ಕೋಳಿಯ ಮೊಟ್ಟೆ ಒಡೆಯುತ್ತಿದ್ದರೆಂದು ಚೀಟಿಯೇ ಹೇಳುತ್ತದೆ. ಮೊಟ್ಟೆ ಹೆಚ್ಚಿದ್ದರೆ ಹಾಲು ಬೇಡವೇ ಬೇಡ.

ಓವನ್ನಿನ ವಿಷಯದಲ್ಲಿ ಒಂದೇ ಮಾತು: ಹಬ್ಬದ ಸಂಜೆ ಊರಿಗೆ ಊರೇ ಗೀಸರ್ ಹಾಕಿದಾಗ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಓವನ್ನಿನ ಶಾಖ ಆ ಪ್ರಮಾಣದಲ್ಲಷ್ಟೇ ಅಲ್ಲ, ಸುಮಾರು ಕಾಲು ಭಾಗದಷ್ಟು ಕುಗ್ಗುತ್ತದೆ. ಅರೆಬೆಂದ ಕೇಕು ಕುಸಿಯಲು ಅಷ್ಟು ಸಾಕು. ಕೇಕನ್ನು ಮಧ್ಯಾಹ್ನವೇ ಮುಗಿಸಿ. ಬಾಯಮ್ಮನಿಗೆ ಈ ತೊಂದರೆ ಇರಲಿಲ್ಲ. ಮರಳು ಹರಡಿದ ದೊಡ್ಡ ಪಾತ್ರೆಯೊಳಗೆ ಕೇಕಿನ ತಟ್ಟೆಯಿಟ್ಟು, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಮತ್ತು ಕಾಫಿ ಸೌದೆಯ ಕೆಂಡ ಹರಡಿ ಬೇಯಿಸುತ್ತಿದ್ದರು. ಕಾದ ಮರಳು ಶಾಖವನ್ನು ಹಿಡಿದಿಟ್ಟುಕೊಂಡು ಏರಿಳಿತವಿಲ್ಲದೆ ಕೊಡುತ್ತದೆ, ಮೇಲಿನ ಕೆಂಡ ಕೇಕಿನ ನೆತ್ತಿಯನ್ನೂ ಬೇಯಿಸುತ್ತದೆ. ಸೋಡಾ ಹಾಕುವಾಗ ಚಮಚದಿಂದ ಒಂದು ಚಿಟಿಕೆಯನ್ನು ಬೆರಳಲ್ಲಿ ತೆಗೆದು ಮತ್ತೆ ಡಬ್ಬಿಗೆ ಉದುರಿಸುತ್ತಿದ್ದದ್ದೂ ನನಗೆ ನೆನಪಿದೆ. ಜಿಪುಣತನವೆಂದು ನಾವು ನಗುತ್ತಿದ್ದೆವು.

ಕರಾವಳಿಯ ಅಡುಗೆ ಘಟ್ಟದ ಮೇಲಿನ ಒಲೆಗೆ ಹೊಂದಿಕೊಳ್ಳುತ್ತಿರುವುದು ಇಂದು ನಿನ್ನೆಯದಲ್ಲ. 1784ರಲ್ಲಿ ಟಿಪ್ಪುವಿನ ಸೈನ್ಯ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಿದ್ದ ಕರಾವಳಿಯ ಕ್ರೈಸ್ತರಲ್ಲಿ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಚರಿತ್ರೆ ಶುರುವಾಗುವುದು 1792ರಿಂದ. ನಮ್ಮ ಬೀದಿಯಲ್ಲಿ ಆ ಹೊಂದಾಣಿಕೆ ತಟ್ಟೆಗಳ ಮೂಲಕ ನಡೆಯುತ್ತಿತ್ತು. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯಂದು ಕಳಿತ ಬಾಳೆಹಣ್ಣನ್ನು ಹುರಿದ ಅಕ್ಕಿಯ ಪುಡಿಯೊಂದಿಗೆ ಕಿವುಚಿ, ಎಳ್ಳು, ತೆಂಗಿನತುರಿ, ತುಪ್ಪ ಹಾಕಿದ ತಂಬುಟ್ಟು ನಮ್ಮ ಮನೆಯಿಂದ ಹೋಗುತ್ತಿತ್ತು. ಕೆಲವೇ ವಾರಗಳ ನಂತರ ಅದೇ ತಟ್ಟೆ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳನ್ನು ತುಂಬಿಕೊಂಡು ಬರುತ್ತಿತ್ತು: ಹಿಟ್ಟಿನ ಸಣ್ಣ ಸುರುಳಿಗಳನ್ನು ಕರಿದ ಕಿಡಿಯೊ, ಕರ್ಜಿಕಾಯಿಯಂಥ ನೆವ್ರ್ಯೊ, ಗುಲಾಬಿ ಹೂವಿನ ಅಚ್ಚಿನ ಕುಕ್ಕಿಸ್, ಮೂಲೆಯಲ್ಲಿ ಎರಡು ತುಂಡು ಕೇಕು. ಬರಿದಾದ ತಟ್ಟೆಯನ್ನು ಯಾರೂ ಹಿಂದಿರುಗಿಸುತ್ತಿರಲಿಲ್ಲ.

ಆ ಕಿಡಿಯೊ ವಿಷಯದಲ್ಲೂ ಎತ್ತರದ ಒಂದು ಲೆಕ್ಕವಿದೆ. ಹಿಟ್ಟಿನೊಳಗಿನ ನೀರು ಇಲ್ಲಿ ಕಡಿಮೆ ಶಾಖಕ್ಕೇ ಆವಿಯಾಗುವುದರಿಂದ ಒಳಗೆ ಬೇಯುವುದು ನಿಧಾನ, ಹೊರಗೆ ಕೆಂಪಾಗುವುದು ಬೇಗ. ಎಣ್ಣೆಯ ಶಾಖವನ್ನು ಐದಾರು ಡಿಗ್ರಿ ತಗ್ಗಿಸಿ, ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಕರಿದರೆ ಅವು ಒಳಗೂ ಗರಿಗರಿಯಾಗುತ್ತವೆ. ಹಬೆಯಲ್ಲಿ ಬೇಯುವ ಕಡಂಬುಟ್ಟು, ಪಾಪುಟ್ಟುಗಳಿಗೆ ಇಲ್ಲಿ ಕೆಲವು ನಿಮಿಷ ಹೆಚ್ಚು ಬೇಕಾಗುವುದೂ ಇದೇ ಕಾರಣಕ್ಕೆ.

ಕೇಕು ಬೆಂದ ಮೇಲೆ ತಟ್ಟೆಯನ್ನು ತಣ್ಣನೆಯ ಕಡಪ ಕಲ್ಲಿನ ಮೇಲೆ ನೇರವಾಗಿ ಇಡಬೇಡಿ. ಆವಿ ತಳದಲ್ಲಿ ನೀರಾಗಿ ನಿಂತು, ಬೆಂದ ಕೇಕನ್ನೂ ಹಸಿಯಾಗಿಸುತ್ತದೆ. ಕೆಳಗೆ ಗಾಳಿಯಾಡುವಂಥ ಜಾಲರಿಯ ಮೇಲೆ ಹತ್ತು ನಿಮಿಷ ಬಿಟ್ಟು ಮಗುಚಿ. ಹಬ್ಬಕ್ಕೆ ಮುಂಚೆ ಒಮ್ಮೆ ಅರ್ಧ ಅಳತೆಯಲ್ಲಿ ಮಾಡಿ ನೋಡಿದರೆ ಒಳ್ಳೆಯದು. ಅಮ್ಮನ ಚೀಟಿಯನ್ನು ಮಾತ್ರ ತಿದ್ದಬೇಡಿ. ಮಡಿಕೇರಿಯ ಅಳತೆಯನ್ನು ಅದರ ಬೆನ್ನಿಗೆ ಬರೆದುಕೊಳ್ಳಿ. ಕ್ರಿಸ್‌ಮಸ್‌ಗೆ ತವರಿಗೆ ಹೋಗಿ ಅಲ್ಲೇ ಕೇಕು ಮಾಡುವ ವರ್ಷ ಚೀಟಿಯ ಮುಂಬದಿಯೇ ಬೇಕಾಗುತ್ತದೆ.