ಕೋಳಿಯ ಮುಖ ಊದಿದರೆ: ಕಣ್ಣಿನ ಕೆಳಗಿನ ಆ ಗಂಟು ಏನು?

ಹೋದ ಮಳೆಗಾಲದಲ್ಲಿ ನಮ್ಮನೆಯ ನಾಟಿ ಹ್ಯಾಟೆಯೊಂದು ಬೆಳಿಗ್ಗೆ ಗೂಡಿನಿಂದ ತಡವಾಗಿ ಹೊರಗೆ ಬಂತು. ಎಡಗಣ್ಣಿನ ಕೆಳಗೆ ಅಡಿಕೆ ಗಾತ್ರದ ಗಂಟು. ಕಣ್ಣು ಅರ್ಧ ಮುಚ್ಚಿತ್ತು. ಎಡಭುಜದ ಪುಕ್ಕ ಅಂಟಂಟಾಗಿ ಕೊಳೆಯಾಗಿತ್ತು. ಕಣ್ಣು, ಮೂಗು ಸೋರುವ ಕೋಳಿ ಮುಖವನ್ನು ಅಲ್ಲೇ ಒರೆಸಿಕೊಳ್ಳುತ್ತದೆ. ಊತ ಕಾಣುವ ಮೊದಲೇ ಈ ಪುಕ್ಕ ಸುಳಿವು ಕೊಡುತ್ತದೆ. ಅಂದಿನಿಂದ ನಾನು ದಿನಾ ಕಾಳು ಹಾಕುವಾಗ ಮೊದಲು ಭುಜ ನೋಡುತ್ತೇನೆ.

ಗಂಟು ಅಲ್ಲೇ ಯಾಕೆ ಬರುತ್ತದೆ? ಇದು ಅರ್ಥವಾದರೆ ಉಳಿದದ್ದು ಸುಲಭ. ಕೋಳಿಯ ಕಣ್ಣಿನ ಕೆಳಗೆ, ಸ್ವಲ್ಪ ಮುಂದಕ್ಕೆ, ಒಂದು ಟೊಳ್ಳು ಜಾಗವಿದೆ. ಅದೇ ಇನ್ಫ್ರಾಆರ್ಬಿಟಲ್ ಸೈನಸ್. ನಮ್ಮ ಸೈನಸ್‌ಗಳ ಸುತ್ತ ಮೂಳೆ ಇದೆ. ಕೋಳಿಯದಕ್ಕೆ ಹೊರಬದಿಯಲ್ಲಿ ಹೆಚ್ಚಾಗಿ ಚರ್ಮ, ಮಾಂಸ ಅಷ್ಟೇ. ಒಳಗೆ ತುಂಬಿದ್ದೆಲ್ಲ ಹೊರಕ್ಕೆ ಉಬ್ಬುತ್ತದೆ. ಜೊತೆಗೆ, ಅದು ಮೂಗಿಗೆ ತೆರೆಯುವ ರಂಧ್ರ ಮೇಲ್ಭಾಗದಲ್ಲಿದೆ, ಹಾಗಾಗಿ ತುಂಬಿದ್ದು ತಾನಾಗಿ ಇಳಿದು ಹೋಗುವುದು ಕಷ್ಟ.

ಇನ್ನೊಂದು ವಿಷಯ ಕೀವಿನದು. ನಮ್ಮ ಕೀವು ನೀರಾಗಿ ಹರಿಯುತ್ತದೆ. ಹಕ್ಕಿಗಳ ಬಿಳಿ ರಕ್ತಕಣ ಹೆಟೆರೋಫಿಲ್‌ನಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇಲ್ಲ. ಅದಕ್ಕೇ ಅವುಗಳ ಕೀವು ಗಟ್ಟಿಯಾಗುತ್ತದೆ. ನಮ್ಮ ಹ್ಯಾಟೆಯ ಗಂಟನ್ನು ಡಾಕ್ಟರು ಬಿಡಿಸಿದಾಗ ಹೊರಗೆ ಬಂದದ್ದು ಹಳದಿ ಗಿಣ್ಣಿನ ತುಂಡಿನಂಥದ್ದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಇಷ್ಟು ಗಟ್ಟಿಯಾದ ಮೇಲೆ ಔಷಧಿ ಅದರೊಳಗೆ ಹೋಗುವುದಿಲ್ಲ. ಮೊದಲ ಎರಡು ಮೂರು ದಿನ, ಗಂಟು ಇನ್ನೂ ಮೆತ್ತಗಿರುವಾಗಲೇ ಚಿಕಿತ್ಸೆ ಶುರುವಾಗಬೇಕು.

ಮುಖದ ಊತ ಒಂದು ಲಕ್ಷಣ, ಅದೇ ರೋಗವಲ್ಲ. ಕೋಳಿ ಮುಟ್ಟುವ ಮೊದಲು ಒಂದು ಲೆಕ್ಕ ಹಾಕಿ: ಒಂದೆರಡು ದಿನದಲ್ಲಿ ಎಷ್ಟು ಸತ್ತಿವೆ? ತಲೆ ಊದಿ, ಜುಟ್ಟು ನೀಲಿಗಟ್ಟಿ, ಕೋಳಿಗಳು ಸಾಲಾಗಿ ಸಾಯುತ್ತಿದ್ದರೆ ಹಕ್ಕಿ ಜ್ವರ ಇರಬಹುದು. ಸತ್ತದ್ದನ್ನು ಕೊಯ್ದು ನೋಡಬೇಡಿ, ಮಾರಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಸಾವಿಲ್ಲ, ಆದರೆ ಮೂರು ದಿನದೊಳಗೆ ಗುಂಪಿನಲ್ಲಿ ಹಲವಕ್ಕೆ ಮುಖ ಊದಿ, ಮೂಗಿನಿಂದ ಕೆಟ್ಟ ವಾಸನೆ ಬರುತ್ತಿದೆಯಾ? ಹಾಗಿದ್ದರೆ ಇನ್‌ಫೆಕ್ಷಿಯಸ್ ಕೊರೈಜಾ, ಅಂದರೆ ಕೋಳಿ ನೆಗಡಿ, ಅನ್ನೋ ಅನುಮಾನ ಬಲವಾಗುತ್ತದೆ. ಕಾರಣ ಏವಿಬ್ಯಾಕ್ಟೀರಿಯಂ ಪ್ಯಾರಾಗ್ಯಾಲಿನೇರಂ ಎಂಬ ಬ್ಯಾಕ್ಟೀರಿಯಾ. ಹಳೆಯ ಪುಸ್ತಕಗಳಲ್ಲಿ ಇದೇ ಹೀಮೋಫಿಲಸ್ ಪ್ಯಾರಾಗ್ಯಾಲಿನೇರಂ. ಹೆಸರು ಬದಲಾದದ್ದು 2005ರಲ್ಲಿ. ಎರಡೂ ಒಂದೇ, ಗೊಂದಲ ಬೇಡ. ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಂದರೆ ರೋಗ ನಿಧಾನ. ಸೀನು, ಗೊರಗೊರ ಉಸಿರು, ವಾರಗಟ್ಟಲೆ ಎಳೆಯುತ್ತದೆ, ವಾಸನೆ ಅಷ್ಟಿರುವುದಿಲ್ಲ. ಗದ್ದದ ಜೋಲು ಮಾತ್ರ ಊದಿದ್ದರೆ ಕೋಳಿ ಕಾಲರಾ ನೆನಪಿರಲಿ. ಕಜ್ಜಿಯಂಥ ಗುಳ್ಳೆ ಇದ್ದರೆ ಸಿಡುಬು.

ಬರೀ ನುಚ್ಚಕ್ಕಿ ತಿಂದು ಬೆಳೆದ ಕೋಳಿಗೆ ವಿಟಮಿನ್ ಎ ಕೊರತೆಯಿಂದಲೂ ಕಣ್ಣಲ್ಲಿ ಗಟ್ಟಿ ಪದಾರ್ಥ ತುಂಬುತ್ತದೆ. ಬಾಯಿ ತೆರೆದು ನೋಡಿ, ಗಂಟಲಲ್ಲಿ ಸಣ್ಣ ಬಿಳಿ ಗುಳ್ಳೆಗಳು ಕಾಣಬಹುದು. ನುಗ್ಗೆ ಸೊಪ್ಪು, ಹಳದಿ ಮೆಕ್ಕೆಜೋಳ ಕೊಟ್ಟರೆ ಮುಂದೆ ಈ ಕೊರತೆ ಬಾರದಂತೆ ನೋಡಿಕೊಳ್ಳಬಹುದು.

ಚಿಕಿತ್ಸೆಗೆ ಬರೋಣ. ಮೊದಲು ಆ ಕೋಳಿಯನ್ನು ಬೇರೆ ಮಾಡಿ, ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿಡಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಹತ್ತಿಯಲ್ಲಿ ಅದ್ದಿ ಕಣ್ಣು, ಮೂಗು ಒರೆಸಿ. ಕಣ್ಣು ಮುಚ್ಚಿದ ಕೋಳಿಗೆ ಕಾಳು ಕಾಣುವುದೇ ಇಲ್ಲ. ರೋಗಕ್ಕಿಂತ ಹಸಿವೇ ಅದನ್ನು ಬೇಗ ಸೋಲಿಸುತ್ತದೆ. ನೆನೆಸಿದ ಮೇವನ್ನು ಕೊಕ್ಕಿನ ಹತ್ತಿರ ಹಿಡಿದು ತಿನ್ನಿಸಿ, ನೀರಿಗೂ ಕೊಕ್ಕು ತಾಗಿಸಿ ತೋರಿಸಿ. ಬೇರೆ ಕೋಳಿಗಳ ಕೆಲಸ ಮುಗಿಸಿ ಕೊನೆಗೆ ಇದರ ಹತ್ತಿರ ಹೋಗಿ.

ಗಂಟನ್ನು ಮನೆಯಲ್ಲಿ ಬ್ಲೇಡಿನಿಂದ ಕೊಯ್ಯಬೇಡಿ. ಕಣ್ಣು ಪಕ್ಕದಲ್ಲೇ ಇದೆ, ರಕ್ತನಾಳವೂ ಇದೆ.

ಆಂಟಿಬಯಾಟಿಕ್ ಯಾವುದು, ಎಷ್ಟು ಅನ್ನೋದು ಪಶುವೈದ್ಯರು ಹೇಳಬೇಕಾದ ಮಾತು. ಆದರೂ ಯಾಕೆ ಅನ್ನೋದು ನಮಗೆ ಗೊತ್ತಿರಲಿ. ಕೊರೈಜಾಕ್ಕೆ ಸಲ್ಫಾ, ಟೆಟ್ರಾಸೈಕ್ಲಿನ್, ಎರಿತ್ರೋಮೈಸಿನ್ ಬಳಕೆಯಲ್ಲಿವೆ. ಮೈಕೋಪ್ಲಾಸ್ಮಾಕ್ಕೆ ಕೋಶದ ಗೋಡೆಯೇ ಇಲ್ಲ, ಆದ್ದರಿಂದ ಗೋಡೆಗೆ ಹೊಡೆಯುವ ಪೆನಿಸಿಲಿನ್ ಅಲ್ಲಿ ದಂಡ. ಟೈಲೋಸಿನ್, ಟೆಟ್ರಾಸೈಕ್ಲಿನ್ ಆಗುತ್ತದೆ. ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಗಡಸು ಬೋರ್‌ವೆಲ್ ನೀರಲ್ಲಿ ಕಲಸಿದರೆ, ಕಪ್ಪೆಚಿಪ್ಪಿನ ಪುಡಿ ತಿನ್ನಿಸಿದರೆ ಔಷಧಿ ಮೈಗೆ ಹತ್ತುವುದು ಕಡಿಮೆ. ಊತ ಇಳಿಯಿತು ಅಂತ ಅರ್ಧಕ್ಕೆ ನಿಲ್ಲಿಸಬಾರದು. ಔಷಧಿ ಕೊಟ್ಟ ಕೋಳಿಯ ಮೊಟ್ಟೆ, ಮಾಂಸ ಡಾಕ್ಟರು ಹೇಳಿದಷ್ಟು ದಿನ ಯಾರಿಗೂ ಕೊಡಬಾರದು, ಮನೆ ಮಕ್ಕಳಿಗೂ. ಆಸ್ಪತ್ರೆ ದೂರವಿದ್ದರೆ ಕರ್ನಾಟಕದಲ್ಲಿ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ವಾಸಿಯಾದ ಮೇಲಿನದು ಬೇಜಾರಿನ ವಿಷಯ. ಕೊರೈಜಾ, ಮೈಕೋಪ್ಲಾಸ್ಮಾ ಎರಡರಲ್ಲೂ ಗುಣವಾದ ಕೋಳಿ ರೋಗಾಣು ಹೊತ್ತುಕೊಂಡೇ ತಿರುಗಬಹುದು. ಮೈಕೋಪ್ಲಾಸ್ಮಾ ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ. ನಮ್ಮ ಹ್ಯಾಟೆ ಈಗ ಚೆನ್ನಾಗಿದೆ, ಮೊಟ್ಟೆಯೂ ಇಡುತ್ತಿದೆ. ಆದರೆ ಅದನ್ನು ಕಾವಿಗೆ ಕೂರಿಸುವುದಿಲ್ಲ, ಸಂತೆಗೂ ಒಯ್ಯುವುದಿಲ್ಲ. ಹೊಸ ಕೋಳಿ ತಂದರೆ ಮೂರ್ನಾಲ್ಕು ವಾರ ಬೇರೆ ಗೂಡಿನಲ್ಲೇ ಇಟ್ಟು, ದಿನಾ ಭುಜದ ಪುಕ್ಕ ನೋಡುತ್ತೇನೆ.