ಸಬ್ಜೆಕ್ಟ್ ಬದಲಿಸಿದರೆ ಸಾಲದು

ಒಂದು ವಿಳಾಸಕ್ಕೆ ಬರೆದರೆ ಸದಸ್ಯರೆಲ್ಲರಿಗೂ ಮೇಲ್ ತಲುಪಿಸುವ ಮೇಲಿಂಗ್ ಲಿಸ್ಟ್ ನೋಡಿಕೊಳ್ಳುವವರಿಗೆ ಜಗಳಗಳಿಂದ ಅಷ್ಟೇನೂ ತೊಂದರೆಯಿಲ್ಲ, ಎರಡು ದಿನಕ್ಕೆ ತಣ್ಣಗಾಗುತ್ತವೆ. ನಿಜವಾದ ತಲೆನೋವು ಒಂದು ಸಣ್ಣ ಸೋಮಾರಿತನದ್ದು. ಹೊಸ ವಿಷಯ ಕೇಳಬೇಕಾದವರು, ಲಿಸ್ಟಿನ ವಿಳಾಸ ಯಾರು ಹುಡುಕುತ್ತಾರೆ ಎಂದು, ಹಳೆಯ ಯಾವುದೋ ಮೇಲ್ ತೆರೆದು ರಿಪ್ಲೈ ಒತ್ತುತ್ತಾರೆ. ಸಬ್ಜೆಕ್ಟ್ ಬದಲಿಸಿ, ಕೆಳಗಿದ್ದುದನ್ನೆಲ್ಲ ಅಳಿಸಿ ಬರೆಯುತ್ತಾರೆ. ನೋಡುವುದಕ್ಕೆ ಹೊಸ ಪತ್ರವೇ.

ಒಳಗಿನ ಕಥೆ ಬೇರೆ. ಪ್ರತಿ ಮೇಲ್‌ಗೂ ಮೆಸೇಜ್-ಐಡಿ ಅಂತ ಒಂದು ಗುರುತಿರುತ್ತದೆ. ರಿಪ್ಲೈ ಒತ್ತಿದ ಕೂಡಲೇ ಹಳೆಯ ಮೇಲ್‌ನ ಆ ಗುರುತು ನಿಮ್ಮ ಮೇಲ್‌ನ ಹೆಡರಿನಲ್ಲಿ, ಅಂದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳದ ತಲೆಭಾಗದಲ್ಲಿ, 'ಇನ್-ರಿಪ್ಲೈ-ಟು', 'ರೆಫರೆನ್ಸಸ್' ಎಂಬ ಸಾಲುಗಳಿಗೆ ಹೋಗಿ ಕೂರುತ್ತದೆ. ಲಿಸ್ಟಿನ ಹಳೆ ಮೇಲ್‌ಗಳನ್ನು ಜೋಡಿಸಿಡುವ ಆರ್ಕೈವ್ ತಂತ್ರಾಂಶ ಮೊದಲು ನೋಡುವುದು ಈ ಸಾಲುಗಳನ್ನೇ. ಹಾಗಾಗಿ ಕನ್ನಡ ಒತ್ತಕ್ಷರ ಒಡೆಯುತ್ತಿದೆ ಎಂಬ ನಿಮ್ಮ ಪ್ರಶ್ನೆ ಪ್ರಿಂಟರ್ ಡ್ರೈವರಿನ ಚರ್ಚೆಗೆ ಬಂದಳಿಕೆಯಂತೆ ಅಂಟಿಕೊಳ್ಳುತ್ತದೆ. ಪ್ರಿಂಟರ್ ಥ್ರೆಡ್ಡನ್ನು (ಆ ಚರ್ಚೆಯ ಮೇಲ್‌ಗಳ ಸರಣಿಯನ್ನು) ಮ್ಯೂಟ್ ಮಾಡಿದ ಫಾಂಟ್ ತಜ್ಞರಿಗೆ ಅದು ಕಾಣುವುದೇ ಇಲ್ಲ. ಆಮೇಲೆ 'ಇಲ್ಲಿ ಯಾರೂ ಉತ್ತರಿಸುವುದಿಲ್ಲ' ಎಂಬ ದೂರು ನನ್ನ ಬಳಿ ಬರುತ್ತದೆ! ಹೊಸ ವಿಷಯಕ್ಕೆ 'ಕಂಪೋಸ್' ಒತ್ತಿ, ಅಷ್ಟೇ.

ಉತ್ತರಿಸುವಾಗ ಹಳೆ ಮೇಲ್‌ನ ಬೇಕಾದ ಸಾಲನ್ನು ಮಾತ್ರ ಉಳಿಸಿಕೊಳ್ಳಿ ಎಂದು ಇಂಟರ್ನೆಟ್ ಶಿಷ್ಟಾಚಾರದ ಕೈಪಿಡಿಯಾದ 1995ರ ಆರ್‌ಎಫ್‌ಸಿ 1855 ಆಗಲೇ ಹೇಳಿತ್ತು. ಮೊಬೈಲಿನಲ್ಲಿ ಅದು ಕಷ್ಟವೆಂಬುದು ನಿಜ, ಆದರೂ ಮಾಡಬೇಕು, ಯಾಕೆಂದರೆ ಹಳೆ ಚರ್ಚೆಗಳನ್ನು ಮುಂದೆಯೂ ಓದುವವರಿರುತ್ತಾರೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಎಷ್ಟೋ ಕೋಡ್ ಬದಲಾವಣೆಗಳ ವಿವರಣೆಯಲ್ಲಿ ಲಿಸ್ಟಿನ ಚರ್ಚೆಗೆ ನೇರ ಕೊಂಡಿ ಇರುತ್ತದೆ. ಕೋಡಿನ ಈ ಸಾಲು ಯಾಕೆ ಹೀಗಿದೆ ಎಂದು ವರ್ಷಗಳ ನಂತರ ತಲೆ ಕೆರೆದುಕೊಳ್ಳುವವರು ಆ ಕೊಂಡಿ ಹಿಡಿದೇ ಬರುತ್ತಾರೆ. ಅವರಿಗೆ ಐದು ಪದರ ಹಳೆ ಉತ್ತರ ದಾಟಿದ ಮೇಲೆ 'ಹೌದು, ಸರಿ' ಎಂಬುದಷ್ಟೇ ಸಿಕ್ಕರೆ ಹೇಗಾಗಬೇಡ? 'ಸಮಸ್ಯೆ ಬಗೆಹರಿಯಿತು, ಥ್ಯಾಂಕ್ಸ್' ಇನ್ನೂ ಕೆಟ್ಟದ್ದು. ಹೇಗೆ ಬಗೆಹರಿಯಿತು ಮಾರಾಯ್ರೇ?

ಲಿಸ್ಟ್ ಬಿಡಬೇಕೆಂದರೆ ಮೇಲ್‌ನ ಅಡಿಯ ಕೊಂಡಿ ಬಳಸಿ, ಎಲ್ಲರಿಗೂ ಬರೆಯಬೇಡಿ. 1997ರಲ್ಲಿ ಮೈಕ್ರೋಸಾಫ್ಟ್‌ನೊಳಗೆ ಸುಮಾರು 13,000 ಜನರಿದ್ದ ಲಿಸ್ಟೊಂದಕ್ಕೆ 'ನನ್ನನ್ನು ತೆಗೆಯಿರಿ', 'ನನ್ನನ್ನೂ' ಎಂದು ಉತ್ತರಗಳ ಮಳೆಯಾಗಿ ಮೇಲ್ ಸರ್ವರ್‌ಗಳೇ ಕುಸಿದಿದ್ದವು.

ಇನ್ನು, ಆಗಾಗ ಬರುವ ವಿನಂತಿ: 'ನನ್ನ ಹಳೆ ಮೇಲ್ ಅಳಿಸಿ, ಅದರಲ್ಲಿ ಫೋನ್ ನಂಬರ್ ಇದೆ.' ಲಿಸ್ಟ್ ನಡೆಸುವ ಮೇಲ್‌ಮ್ಯಾನ್ 2ರಂಥ ಹಳೆಯ ತಂತ್ರಾಂಶದಲ್ಲಿ ಒಂದು ಮೇಲ್ ಕಿತ್ತು ಆರ್ಕೈವನ್ನು ಮತ್ತೆ ಕಟ್ಟಿದರೆ ಮುಂದಿನವುಗಳ ಸಂಖ್ಯೆ ಬದಲಾಗಿ, ಬೇರೆಯವರು ಕೊಟ್ಟ ಕೊಂಡಿಗಳೆಲ್ಲ ತಪ್ಪು ಪುಟಕ್ಕೆ ಹೋಗುತ್ತವೆ. ಅದಕ್ಕೇ ಮೇಲ್ ಹಾಗೇ ಇಟ್ಟು ನಂಬರನ್ನಷ್ಟೇ ಅಳಿಸುತ್ತೇವೆ. ಆದರೆ ಸದಸ್ಯರ ಇನ್‌ಬಾಕ್ಸ್‌ಗೆ ಹೋದ ಪ್ರತಿಗಳು, ಬೇರೆ ತಾಣಗಳು ಇಟ್ಟುಕೊಂಡ ನಕಲುಗಳು ನಮ್ಮ ಕೈಯಲ್ಲಿಲ್ಲ. ನಂಬರಿಲ್ಲದ ಎರಡನೇ ಸಿಗ್ನೇಚರೊಂದನ್ನು ಮಾಡಿಟ್ಟುಕೊಂಡು ಲಿಸ್ಟಿಗೆ ಬರೆಯುವಾಗ ಅದನ್ನೇ ಹಾಕಿ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ ಎರಡು ನಿಮಿಷವೂ ಬೇಡ.